ನಾಟಿ ಹಾಕುವವರು ಒಬ್ಬರು, ಪಹಣಿ ಇನ್ನೊಬ್ಬರದು

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಕಾವೇರಿ ನೀರಿಗಾಗಿ ಮಂಡ್ಯದಲ್ಲಿ ಬಂದ್ ಆಯಿತು. ಬೆಳೆ ಪರಿಹಾರ ಮಾತ್ರ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಇದ್ದವರ ಖಾತೆಗೆ ಬಂತು. ಆ ಐಡಿ ಬೇಕೆಂದರೆ ಪಹಣಿಯಲ್ಲಿ ಹೆಸರಿರಬೇಕು. ನಾಟಿ ಹಾಕಿ, ಕಳೆ ಕಿತ್ತು, ದನಕ್ಕೆ ಮೇವು ಹೊಂದಿಸಿದ ಹೆಂಗಸಿನ ಹೆಸರು ಅಲ್ಲಿ ಎಷ್ಟು ಕಡೆ ಇದೆ? 2015-16ರ ಕೃಷಿ ಗಣತಿ ಪ್ರಕಾರ ದೇಶದ ಹಿಡುವಳಿಗಳಲ್ಲಿ ಹೆಂಗಸರ ಕೈಲಿರುವುದು 100ಕ್ಕೆ ಸುಮಾರು 14.

ಇದರ ಬೇರು ಹಳೆಯದು. ನಾಲೆ ಬರುವ ಮುಂಚೆ ಮಂಡ್ಯದಲ್ಲಿ ರಾಗಿ ಹೊಲಗಳೇ ಜಾಸ್ತಿ. ನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಹುಚ್ಚೆಳ್ಳು. ಬೀಜ ಆರಿಸಿ, ಬೂದಿ ಬೆರೆಸಿ ಎತ್ತಿಡುವುದು ಮನೆಯ ಹೆಂಗಸರ ಕೆಲಸ. 1911ರಲ್ಲಿ ಕೆಆರ್‌ಎಸ್ ಕೆಲಸ ಶುರುವಾಯಿತು. ಕಟ್ಟೆ ಮುಗಿದು ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಸಿ ನಾಲೆಯಲ್ಲಿ, ನೀರು ಹರಿಯಿತು. 1933ರಲ್ಲಿ ಮೈಷುಗರ್ ಸಕ್ಕರೆ ಕಂಪನಿ ಬಂತು. ಊರಿಗೆ ದುಡ್ಡು ಬಂತು, ಅದನ್ನು ಅಲ್ಲಗಳೆಯುವ ಹಾಗಿಲ್ಲ. ಆದರೆ ಕಬ್ಬಿನ ಜೊತೆ ಕಟಾವಿನ ಆರ್ಡರ್, ಬಿಲ್ಲು, ಬೆಳೆ ಸಾಲ ಎಲ್ಲವೂ ಬಂದವು. ಆ ಕಾಗದಗಳೆಲ್ಲ ಗಂಡಸಿನ ಹೆಸರಿಗೇ. ಮನೆಯಲ್ಲಿ ಎತ್ತಿಟ್ಟ ಬೀಜಕ್ಕೆ ಕೆಲಸ ಕಡಿಮೆಯಾಯಿತು. ಕಬ್ಬಿಗೆ ವರ್ಷಪೂರ್ತಿ ನೀರು ಬೇಕು. ನಾಲೆಯ ಮೇಲಿನವರು ಹಾಯಿಸಿಕೊಂಡ ಮೇಲೆ, ಸರದಿಯಂತೆ ಬಿಡುವ ಕಟ್ಟು ನೀರಿನಲ್ಲಿ ಉಳಿದದ್ದು ಮದ್ದೂರು, ಮಳವಳ್ಳಿಯ ಕೊನೆ ಭಾಗಕ್ಕೆ.

ಪರಿಸರದ ಹಾಳಿಗೂ ಹೆಣ್ಣಿನ ಮೇಲಿನ ದಬ್ಬಾಳಿಕೆಗೂ ನಂಟಿದೆ ಎಂದು ಫ್ರಾನ್ಸಿನ ಫ್ರಾನ್ಸ್ವಾಸ್ ದೋಬೋನ್ 1974ರಲ್ಲಿ ಬರೆದರು. ಅದೇ ವರ್ಷ ಹಿಮಾಲಯದ ರೇಣಿಯಲ್ಲಿ ಗೌರಾ ದೇವಿ ಮತ್ತು ಜೊತೆಗಾರ್ತಿಯರು ಕಾಡು ಕಡಿಯುವವರನ್ನು ತಡೆದರು. ಊರಿನ ಗಂಡಸರು ಅಂದು ಜಮೀನಿನ ಪರಿಹಾರ ತರಲು ಹೋಗಿದ್ದರು! ಹೆಣ್ಣು ಹುಟ್ಟಿನಿಂದಲೇ ಪ್ರಕೃತಿಗೆ ಹತ್ತಿರ ಎಂಬ ಮಾತು ಆಮೇಲೆ ಜೋರಾಯಿತು. 1992ರಲ್ಲಿ ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಇದನ್ನು ಒಪ್ಪಲಿಲ್ಲ. ನಂಟು ಬರುವುದು ದುಡಿಮೆಯಿಂದ, ಆಸ್ತಿ ಯಾರದು ಎಂಬುದರಿಂದ ಎಂದರು.

ಮಂಡ್ಯ ನೋಡಿದರೆ ನನಗೆ ಬೀನಾ ಮಾತೇ ಸರಿ ಅನಿಸುತ್ತದೆ. ನಾಲೆ ನಿಂತರೆ ಗದ್ದೆ ಯಜಮಾನನ ಹೆಂಡತಿಗೆ ಸಾಲದ ಚಿಂತೆ. ಜಮೀನೇ ಇಲ್ಲದ ದಲಿತ ಹೆಣ್ಣುಮಗಳಿಗೆ ಅಂದಿನ ಕೂಲಿಯೇ ಇಲ್ಲ. ಅವಳಿಗೆ ಯಾವ ಬೆಳೆ ಪರಿಹಾರವೂ ಇಲ್ಲ. ಇಬ್ಬರನ್ನೂ ಸುಮ್ನೆ 'ಪ್ರಕೃತಿ ಮಾತೆ' ಎಂದು ಹೊಗಳಿದರೆ ಯಾರಿಗೆ ಏನು ಸಿಕ್ಕಿತು?

2015ರಲ್ಲಿ ಜಿಲ್ಲೆಯಲ್ಲಿ ರೈತರ ಆತ್ಮಹತ್ಯೆ ಸಾಲುಸಾಲಾಗಿ ನಡೆಯಿತು. ಸತ್ತವನ ಜಮೀನನ್ನು ತನ್ನ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಹೆಂಡತಿ ಓಡಾಡಬೇಕು, ಪರಿಹಾರ ಬೇಕೆಂದರೆ ಸಾಲಕ್ಕೆ ದಾಖಲೆ ತೋರಿಸಬೇಕು. ಕೈಸಾಲಕ್ಕೆ ದಾಖಲೆ ಎಲ್ಲಿಂದ ತರುವುದು? ಇತ್ತೀಚೆಗೆ ಇನ್ನೊಂದು ಸೇರಿಕೊಂಡಿದೆ. ಮೈಕ್ರೋ ಫೈನಾನ್ಸ್ ಸಾಲ ಕೊಡುವುದು ಹೆಚ್ಚಾಗಿ ಹೆಂಗಸರ ಹೆಸರಲ್ಲೇ. ಬೆಳೆ ಹೋದರೂ ವಾರದ ಕಂತು ನಿಲ್ಲುವುದಿಲ್ಲ. ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಕಾನೂನು ಇಲ್ಲ ಎಂದಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ಆದರೂ ಪಾಲಿನ ಹೊತ್ತಿಗೆ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ನಿಂತಿಲ್ಲ. ಹಾಕದಿದ್ದರೆ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುವುದಿಲ್ಲ ಎಂಬ ಅಂಜಿಕೆ ಇದೆಯಲ್ವಾ.