ಸಾರಥಿಯಿಲ್ಲದ ರಥದಲ್ಲಿ ಒಂದು ಕಲ್ಲು

ರಥವಿದೆ, ಎಳೆಯಲು ನಾಲ್ಕು ಕುದುರೆಗಳಿವೆ, ಸಾರಥಿಯಿಲ್ಲ. ದೇವರು ಕೂರಬೇಕಾದ ಜಾಗದಲ್ಲಿ ಒಂದು ಕಲ್ಲು. ಬುಡದಲ್ಲಿ ಅಗಲ, ಮೇಲೆ ಹೋದಂತೆ ಕಿರಿದು. ಕಲ್ಲಿಗೆ ಅಂಟಿಕೊಂಡಂತೆ ಒಂದು ಹದ್ದು, ಸುತ್ತ ನಾಲ್ಕು ಸತ್ತಿಗೆ. ಇಷ್ಟೆಲ್ಲ ಇರುವುದು ಹೆಚ್ಚುಕಡಿಮೆ ಎರಡು ಸೆಂಟಿಮೀಟರ್ ಅಗಲದ ಚಿನ್ನದ ನಾಣ್ಯದ ಹಿಂಬದಿಯಲ್ಲಿ. ಅಂಚಿನುದ್ದಕ್ಕೂ ಲ್ಯಾಟಿನ್ ಅಕ್ಷರಗಳು: 'ಸಾಂಕ್ಟ್ ಡಿಯೊ ಸೋಲಿ ಎಲಗಾಬಲ್', ಅಂದರೆ ಪವಿತ್ರನಾದ ಸೂರ್ಯದೇವ ಎಲಗಾಬಲನಿಗೆ.

ಕ್ರಿ.ಶ. 218ರಲ್ಲಿ ಹದಿನಾಲ್ಕರ ಆಸುಪಾಸಿನ ಒಬ್ಬ ಹುಡುಗ ರೋಮಿನ ಚಕ್ರವರ್ತಿಯಾದ. ಸಿರಿಯಾದ ಎಮೆಸದಲ್ಲಿ, ಇವತ್ತಿನ ಹೋಮ್ಸ್ ನಗರದಲ್ಲಿ, ಅವನು ಈ ಕಲ್ಲಿನ ಅರ್ಚಕನಾಗಿದ್ದ. ರಾಜಧಾನಿಗೆ ಹೊರಟಾಗ ದೇವರನ್ನು ಊರಲ್ಲಿ ಬಿಟ್ಟು ಹೋಗಲಿಲ್ಲ, ಜೊತೆಗೇ ಕರೆದೊಯ್ದ. ಚರಿತ್ರೆ ಅವನನ್ನು ಕರೆಯುವುದೂ ದೇವರ ಹೆಸರಿನಿಂದಲೇ: ಎಲಗಾಬಲಸ್. ನಾಲ್ಕೇ ವರ್ಷಕ್ಕೆ ಅವನ ಕೊಲೆಯಾಯಿತು, ಮುಂದೆ ಪಟ್ಟಕ್ಕೆ ಬಂದ ಸೋದರ ಸಂಬಂಧಿ ಕಲ್ಲನ್ನು ಊರಿಗೆ ವಾಪಸ್ಸು ಕಳಿಸಿದ.

ಈ ನಾಣ್ಯದ ಚಿತ್ರ ಆಗಾಗ ನನ್ನ ವಾಟ್ಸಾಪಿಗೆ ಬರುತ್ತದೆ. ಕೆಲವರು ಅದರ ಕೆಳಗೆ 'ರೋಮನ್ನರು ಪೂಜಿಸುತ್ತಿದ್ದ ಶಿವಲಿಂಗ' ಎಂದು ಬರೆದಿರುತ್ತಾರೆ. ಇನ್ನು ಕೆಲವರು 'ಅಂತರಿಕ್ಷದಿಂದ ಬಿದ್ದ ಉಲ್ಕೆ' ಎಂದು ಬರೆದಿರುತ್ತಾರೆ. ಎರಡರಲ್ಲೂ ಒಂದೇ ಆತುರ ಕಾಣುತ್ತದೆ. ಚಿತ್ರ ನೋಡಿದ ಕೂಡಲೇ ಅರ್ಥ ಹೇಳಿಬಿಡಬೇಕು, ಪಕ್ಕದ ಅಕ್ಷರ ಓದುವಷ್ಟೂ ವ್ಯವಧಾನ ಬೇಡ.

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ದೇವರ ಹೆಸರು ಸೆಮಿಟಿಕ್ ಭಾಷೆಯದು, ಅರ್ಚಕ ಮನೆತನ ಸಿರಿಯಾದ್ದು. ಸತ್ತಿಗೆ ಇದ್ದ ಮಾತ್ರಕ್ಕೆ ಭಾರತದ್ದಾಗುವುದಿಲ್ಲ, ಅಸ್ಸೀರಿಯಾದ ಮತ್ತು ಪರ್ಷಿಯಾದ ಅರಸರ ಉಬ್ಬುಶಿಲ್ಪಗಳಲ್ಲೂ ಅರಸನ ತಲೆಯ ಮೇಲೆ ಸತ್ತಿಗೆಯಿದೆ. ರೋಮಿಗೂ ನಮಗೂ ನಂಟಿತ್ತು ನಿಜ, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಬೆಂಗಳೂರಿನ ಯಶವಂತಪುರದಲ್ಲೂ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಆದರೆ ಅವು ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಕಾಲದವು, ಈ ಹುಡುಗನಿಗಿಂತ ಸುಮಾರು ಇನ್ನೂರು ವರ್ಷ ಹಿಂದಿನವು. ಅವು ಹೇಳುವುದು ಮೆಣಸಿನ ವ್ಯಾಪಾರದ ಕಾಲದ ಕತೆ. ಕೆತ್ತದ ಕಲ್ಲಿಗೆ ಕೈ ಮುಗಿಯುವುದನ್ನು ಯಾರೂ ಯಾರಿಂದಲೂ ಕಲಿಯಬೇಕಾಗಿಲ್ಲ. ನಮ್ಮ ಹಳ್ಳಿಗಳ ಕರುವುಗಲ್ಲನ್ನು ನೆಟ್ಟವರು ಸಿರಿಯಾಕ್ಕೆ ಹೋಗಿ ಬಂದವರಲ್ಲ, ಎಮೆಸದವರೂ ಇಲ್ಲಿಗೆ ಬಂದು ಕಲಿತವರಲ್ಲ.

ಉಲ್ಕೆಯ ವಾದದ ಕತೆಯೇ ಬೇರೆ. ಅದನ್ನು ಓದಿಕೊಂಡವರೂ ನಂಬುತ್ತಾರೆ, ನಾನೂ ಬಹಳ ವರ್ಷ ನಂಬಿದ್ದೆ. ನಂಬಲು ಕಾರಣವೂ ಇತ್ತು. ಆ ಕಾಲದ ಇತಿಹಾಸಕಾರ ಹೆರೋಡಿಯನ್ ಕಲ್ಲನ್ನು ವಿವರವಾಗಿ ಬಣ್ಣಿಸಿದ್ದಾನೆ. ಗ್ರೀಕರ, ರೋಮನ್ನರ ದೇವರಿಗಿರುವಂತೆ ಮನುಷ್ಯ ಮಾಡಿದ ಮೂರ್ತಿ ಅಲ್ಲಿಲ್ಲ. ಇರುವುದು ದೊಡ್ಡದೊಂದು ಕಲ್ಲು. ಬುಡ ದುಂಡಗೆ, ತುದಿ ಚೂಪು, ಬಣ್ಣ ಕಪ್ಪು. ಅದು ಆಕಾಶದಿಂದ ಬಿದ್ದದ್ದೆಂದು ಜನ ಹೇಳುತ್ತಾರೆ. ಮೈಮೇಲಿನ ಸಣ್ಣ ಸಣ್ಣ ಉಬ್ಬು, ಗುರುತುಗಳನ್ನು ತೋರಿಸಿ ಇದು ಸೂರ್ಯನ ರೂಪ ಎನ್ನುತ್ತಾರೆ. ಕಪ್ಪು, ಶಂಕುವಿನ ಆಕಾರ, ಮೈಮೇಲೆ ಗುರುತು, ಆಕಾಶದಿಂದ ಬಿದ್ದದ್ದು: ಉಲ್ಕಾಶಿಲೆಯ ಲಕ್ಷಣಗಳನ್ನು ಪಟ್ಟಿ ಮಾಡಿದಂತಿದೆ.

ಉಲ್ಕಾಶಿಲೆ ಶಂಕುವಿನ ಆಕಾರ ಪಡೆಯುವ ಬಗೆ ನನಗೆ ಬಲು ಇಷ್ಟದ ವಿಷಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಲ್ಲು ವಾತಾವರಣಕ್ಕೆ ನುಗ್ಗುವಾಗ ಅದರ ವೇಗ ಸೆಕೆಂಡಿಗೆ ಕಡಿಮೆಯೆಂದರೂ 11 ಕಿಲೋಮೀಟರ್. ಅಷ್ಟು ವೇಗಕ್ಕೆ ಎದುರಿನ ಗಾಳಿಗೆ ಪಕ್ಕಕ್ಕೆ ಸರಿಯಲು ಸಮಯವೇ ಸಿಗುವುದಿಲ್ಲ, ಕಲ್ಲಿನ ಮುಂದೆಯೇ ಒತ್ತಿ ಹಿಂಡಿಹೋಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಹಾಗೆ. ಇಲ್ಲಿ ಮಾತ್ರ ಬಿಸಿ ಕಲ್ಲನ್ನೇ ಕರಗಿಸುವಷ್ಟು. ಕರಗಿದ ಪದರವನ್ನು ಗಾಳಿ ಆಗಿಂದಾಗಲೇ ಹಿಂದಕ್ಕೆ ಒರೆಸಿಕೊಂಡು ಹೋಗುತ್ತದೆ, ಹಿಂದೆಯೇ ಹೊಸ ಪದರ ಕರಗುತ್ತದೆ. ಇದೆಲ್ಲ ಮುಗಿಯುವುದು ಕೆಲವೇ ಸೆಕೆಂಡುಗಳಲ್ಲಿ. ಹಾಗಾಗಿ ಒಳಗಿನ ಕಲ್ಲಿಗೆ ಬಿಸಿಯ ಸುಳಿವೂ ಸಿಗುವುದಿಲ್ಲ. ಹಂಚಿನ ಮೇಲಿನ ರೊಟ್ಟಿಯ ಮೈ ಸೀದು ಒಳಗೆ ಹಸಿ ಉಳಿದಂತೆ.

ಕಲ್ಲು ಉರುಳುತ್ತ ಬಿದ್ದರೆ ಎಲ್ಲ ಮಗ್ಗುಲೂ ಸಮನಾಗಿ ಸವೆಯುತ್ತದೆ. ಒಂದೇ ಮುಖ ಮುಂದೆ ಮಾಡಿ ಬಿದ್ದರೆ ಆ ಮುಖ ಒಂದೇ ಸವೆದು, ನಲ್ಲಿಯ ಧಾರೆಗೆ ಹಿಡಿದ ಸಾಬೂನಿನಂತೆ, ಮೊಂಡಾದ ಶಂಕುವಾಗುತ್ತದೆ. ಹಾಗಾದರೆ ಕಲ್ಲು ಯಾಕೆ ಒಂದೇ ಮುಖ ಹಿಡಿಯುತ್ತದೆ? ನ್ಯೂಯಾರ್ಕ್ ವಿಶ್ವವಿದ್ಯಾಲಯದವರು ಜೇಡಿಮಣ್ಣಿನ ಉಂಡೆಗಳನ್ನು ಹರಿಯುವ ನೀರಿಗೆ ಒಡ್ಡಿ ಇದನ್ನೇ ಪರೀಕ್ಷಿಸಿದರು, 2019ರಲ್ಲಿ ಅದು ಪ್ರಕಟವಾಯಿತು. ಸವೆದ ಮಣ್ಣು ಶಂಕುವಾಯಿತು. ಆಮೇಲೆ ಬೇರೆ ಬೇರೆ ಶಂಕುಗಳನ್ನು ನೀರಿನಲ್ಲಿ ಬಿಟ್ಟು ನೋಡಿದರು. ತೀರ ಚೂಪಾದದ್ದು ಲಾಗ ಹಾಕಿತು, ತೀರ ಅಗಲವಾದದ್ದು ಮರದಿಂದ ಉದುರಿದ ಎಲೆಯಂತೆ ಓಲಾಡಿತು. ಇವೆರಡರ ನಡುವಿನದು ಮಾತ್ರ ತುದಿ ಮುಂದೆ ಮಾಡಿ ಬ್ಯಾಡ್ಮಿಂಟನ್ ಶಟಲ್‌ನಂತೆ ನೇರ ಸಾಗಿತು. ಅಂದರೆ ನೇರ ಹೋಗುವ ಕಲ್ಲು ಶಂಕುವಾಗುತ್ತದೆ, ಸರಿಯಾದ ಶಂಕುವಾದ ಕಲ್ಲು ನೇರ ಹೋಗುತ್ತದೆ. ಒಂದು ಇನ್ನೊಂದನ್ನು ಹಿಡಿದು ನಿಲ್ಲಿಸುತ್ತದೆ, ಬುಗುರಿ ತಿರುಗುವಷ್ಟು ಹೊತ್ತು ನಿಂತಿರುವ ಹಾಗೆ. ಹೀಗೆ ಬಂದಿಳಿದ ಕಲ್ಲಿನ ಮೈಮೇಲೆ ಕಲಸಿದ ಹಿಟ್ಟಿಗೆ ಹೆಬ್ಬೆರಳು ಒತ್ತಿದಂಥ ಕುಳಿಗಳಿರುತ್ತವೆ, ತೆಳುವಾದ ಕಪ್ಪು ಹೊದಿಕೆಯಿರುತ್ತದೆ. ಇಂಗ್ಲೆಂಡಿನ ಮಿಡಲ್ಸ್‌ಬರೋದಲ್ಲಿ 1881ರಲ್ಲಿ ಬಿದ್ದದ್ದು ಇದೇ ಜಾತಿಯದು. ಅಮೆರಿಕದ ಒರೆಗಾನ್‌ನ ವಿಲ್ಲಾಮೆಟ್ ಉಲ್ಕೆಯಂತೂ 15 ಟನ್ ದಾಟುವ ಕಬ್ಬಿಣದ ಶಂಕು. ಅಲ್ಲಿನ ಕ್ಲಾಕಮಸ್ ಜನರಿಗೆ ಅದು ಪೂಜ್ಯ.

ಇಷ್ಟು ಗೊತ್ತಿದ್ದವನಿಗೆ ಹೆರೋಡಿಯನ್ನನ ಮಾತು ಓದಿ ಮೈ ಝುಮ್ಮೆನ್ನದಿದ್ದರೆ ಆಶ್ಚರ್ಯ. ಇನ್ನೊಂದು ಕಾರಣವೂ ಇದೆ. ಹದಿನೆಂಟನೆಯ ಶತಮಾನದ ಯುರೋಪಿನ ಪಂಡಿತರು ಆಕಾಶದಿಂದ ಕಲ್ಲು ಬೀಳುವುದೆಂದರೆ ಹಳ್ಳಿಗರ ಕಟ್ಟುಕತೆ ಎನ್ನುತ್ತಿದ್ದರು. ಕ್ಲಾಡ್ನಿ ಎಂಬ ಜರ್ಮನ್ ವಿಜ್ಞಾನಿ 1794ರಲ್ಲಿ ಅದು ನಿಜವೆಂದು ವಾದಿಸಿದಾಗ ಬಹಳ ಮಂದಿ ಒಪ್ಪಲಿಲ್ಲ. 1803ರಲ್ಲಿ ಫ್ರಾನ್ಸಿನ ಲೇಗ್ಲ್ ಊರಿನ ಮೇಲೆ ಹಾಡಹಗಲೇ ಸಾವಿರಾರು ಕಲ್ಲುಗಳು ಸುರಿದ ಮೇಲೆ ಬಾಯಿ ಕಟ್ಟಿತು. ಹಳ್ಳಿಗರ ಮಾತು ಒಮ್ಮೆ ನಿಜವಾಯಿತಲ್ಲ, ಅಂದಿನಿಂದ ಹಳೆಯ ಗ್ರಂಥಗಳಲ್ಲಿ 'ಆಕಾಶದಿಂದ ಬಿದ್ದ' ಎಂದು ಕಂಡಲ್ಲೆಲ್ಲ ಉಲ್ಕೆಯನ್ನು ಕಾಣುವುದು ರೂಢಿಯಾಯಿತು.

ನನ್ನ ನಂಬಿಕೆ ಸಡಿಲವಾದದ್ದು ಇನ್ನೊಂದು ನಾಣ್ಯ ನೋಡಿದ ಮೇಲೆ. ಈಗಿನ ಟರ್ಕಿಯ ಕೈಸೇರಿ ಆಗ ಕಪಡೋಕಿಯದ ಕೈಸರಿಯ. ಅಲ್ಲಿನ ನಾಣ್ಯಗಳ ಹಿಂಬದಿಯಲ್ಲಿ ಶಂಕುವಿನಾಕಾರದ ರಾಶಿಯಿದೆ, ಎಷ್ಟೋ ನಾಣ್ಯಗಳಲ್ಲಿ ಅದರ ನೆತ್ತಿಯ ಮೇಲೆ ನಕ್ಷತ್ರವಿದೆ, ಕೆಲವದರಲ್ಲಿ ಅದನ್ನು ಬಲಿಪೀಠದ ಮೇಲೆ ಇಟ್ಟಿದ್ದಾರೆ. ಊರು ಯಾವುದೆಂದು ತಿಳಿಯದೆ ನೋಡಿದವರು ಉಲ್ಕೆ ಎಂದೇ ಅಂದಾರು: ಶಂಕು, ಮೇಲೆ ನಕ್ಷತ್ರ, ಕೆಳಗೆ ಪೀಠ. ಆದರೆ ಅದು ಆರ್ಗಾಯೋಸ್ ಪರ್ವತ, ಊರಿನ ನೆತ್ತಿಯ ಮೇಲೆ 3,900 ಮೀಟರಿಗೂ ಎತ್ತರಕ್ಕೆ ನಿಂತಿರುವ ಹಿಮ ಹೊದ್ದ ಜ್ವಾಲಾಮುಖಿ. ಆ ಊರಿನವರಿಗೆ ಬೆಟ್ಟವೇ ದೇವರು. ಪರ್ವತವನ್ನು ಬೆರಳುಗುರಿನಷ್ಟು ಜಾಗಕ್ಕೆ ಇಳಿಸಿದರೆ ಅದು ಕಲ್ಲಿನಂತೆ ಕಾಣುತ್ತದೆ, ಬೇರೆ ದಾರಿಯಿಲ್ಲ.

ಎಮೆಸಕ್ಕೆ ಮರಳಿ ಬಂದು ದೇವರ ಹೆಸರನ್ನು ಬಿಡಿಸಿ ನೋಡಿ. 'ಎಲಹ ಗಬಲ್'. ಎಲಹ ಎಂದರೆ ದೇವರು. ಗಬಲ್ ಎಂದರೆ ಬೆಟ್ಟ, ಇವತ್ತಿನ ಅರಬ್ಬಿಯ 'ಜಬಲ್' ಅದೇ ಪದ. ಬೆಟ್ಟದ ದೇವರು! ಎಮೆಸದ ಆಗ್ನೇಯದ ಮರುಭೂಮಿಯಲ್ಲಿ ಸಿಕ್ಕ ಒಂದನೆಯ ಶತಮಾನದ ಕಲ್ಲಿನ ಫಲಕದಲ್ಲಿ ಈ ಹೆಸರಿದೆ, ಜೊತೆಗೆ ಬಂಡೆಯ ಗುಡ್ಡದ ಮೇಲೆ ರೆಕ್ಕೆ ಬಿಚ್ಚಿ ನಿಂತ ಹದ್ದಿನ ಚಿತ್ರವಿದೆ. ಕ್ರಿ.ಶ. 138ರಿಂದ 161ರವರೆಗೆ ಆಳಿದ ಆಂಟೊನೈನಸ್ ಪಯಸ್ ಕಾಲದ ಎಮೆಸದ ತಾಮ್ರದ ನಾಣ್ಯಗಳಲ್ಲಿ ಅದೇ ಹದ್ದು ದುಂಡನೆಯ ಕಲ್ಲಿನ ಮೇಲೆ ಕೂತಿದೆ. ಚಿನ್ನದ ನಾಣ್ಯದ ರಥದಲ್ಲಿ ಕಂಡ ಹದ್ದೂ ಅದೇ. ಹಾಗಾದರೆ ಆ ಕಲ್ಲು ಬೆಟ್ಟದ ಪ್ರತಿರೂಪ, ಗುಡಿಯೊಳಗೆ ತಂದಿಟ್ಟುಕೊಂಡ ಬೆಟ್ಟ. ಹೋಮ್ಸಿನ ಹಳೆಯ ಮನೆ, ಮಸೀದಿಗಳನ್ನು ಕಟ್ಟಿರುವುದು ಅಲ್ಲಿ ಹೇರಳವಾಗಿ ಸಿಗುವ ಕರಿಯ ಬಸಾಲ್ಟ್‌ನಿಂದ ಎಂಬುದನ್ನು ಇದಕ್ಕೆ ಸೇರಿಸಿ ನೋಡಿ. ಕಪ್ಪು ಕಲ್ಲಿಗಾಗಿ ಆ ಊರಿನವರು ಆಕಾಶ ನೋಡಬೇಕಾಗಿರಲಿಲ್ಲ. ಕಲ್ಲುಜಾತಿಯ ಉಲ್ಕೆಯ ಕಪ್ಪು ಹೊದಿಕೆ ಬಹುಕಾಲ ಬಾಳುವುದೂ ಇಲ್ಲ, ಮಳೆಗಾಳಿಗೆ ಸಿಕ್ಕರೆ ತುಕ್ಕಿನ ಕಂದು ಬಣ್ಣಕ್ಕೆ ತಿರುಗುತ್ತದೆ.

'ಆಕಾಶದಿಂದ ಬಿದ್ದದ್ದು' ಎಂಬ ಮಾತನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ. ಗ್ರೀಕಿನಲ್ಲಿ ಅದಕ್ಕೆ 'ದಿಯೊಪೆಟೆಸ್' ಎನ್ನುತ್ತಾರೆ. ಅಥೆನ್ಸಿನ ಕೋಟೆಯ ಮೇಲಿದ್ದ ಅಥೀನಾ ದೇವಿಯ ಪುರಾತನ ಮೂರ್ತಿಯೂ ಆಕಾಶದಿಂದ ಬಿದ್ದದ್ದೆಂದು ಪ್ರತೀತಿ, ಅದು ಆಲಿವ್ ಮರದ್ದು. ಮರ ಉಲ್ಕೆಯಾಗಿ ಬೀಳುವುದಿಲ್ಲ. ನಾವು ಸ್ವಯಂಭೂ, ಉದ್ಭವಮೂರ್ತಿ ಎನ್ನುವಾಗ ಏನು ಹೇಳುತ್ತೇವೋ ಅವರೂ ಅದನ್ನೇ ಹೇಳುತ್ತಿದ್ದರು: ಇದನ್ನು ಮನುಷ್ಯರ ಕೈ ಮಾಡಿಲ್ಲ. ನಮ್ಮದು ನೆಲದಿಂದ ಮೇಲೇಳುತ್ತದೆ, ಅವರದು ಮೇಲಿಂದ ಕೆಳಗಿಳಿಯುತ್ತದೆ. ನಿಜವಾಗಿ ಉಲ್ಕೆ ಬಿದ್ದಾಗ ಅವರು ಬರೆದದ್ದು ಬೇರೆಯೇ ಧಾಟಿಯಲ್ಲಿ. ಕ್ರಿ.ಪೂ. 467ರ ಸುಮಾರಿಗೆ ಈಗೋಸ್‌ಪೊಟಾಮಿಯಲ್ಲಿ ಬಿದ್ದ ಕಲ್ಲಿನ ಬಗ್ಗೆ ರೋಮನ್ ಲೇಖಕ ಪ್ಲಿನಿ ಬರೆಯುವಾಗ ಗಾಡಿ ತುಂಬುವಷ್ಟು ದೊಡ್ಡದು, ಸುಟ್ಟ ಬಣ್ಣದ್ದು ಎನ್ನುತ್ತಾನೆ. ಆ ಕಲ್ಲಿನ ಬಣ್ಣನೆಯಲ್ಲಿ ಗುಡಿಯ ಮಾತಿಲ್ಲ.

ಸೈಪ್ರಸ್ಸಿನ ಪಾಫೋಸ್ ಕೂಡ ಇದೇ ಪಾಠ ಹೇಳುತ್ತದೆ. ಅಲ್ಲಿನ ಅಫ್ರೊಡೈಟಿ ಗುಡಿಯ ಚಿತ್ರವಿರುವ ನಾಣ್ಯಗಳಲ್ಲಿ ಕಂಬಗಳ ನಡುವೆ ಶಂಕು, ಮೇಲೆ ಅರ್ಧಚಂದ್ರ ಮತ್ತು ನಕ್ಷತ್ರ. ಕ್ರಿ.ಶ. 69ರಲ್ಲಿ ಮುಂದೆ ಚಕ್ರವರ್ತಿಯಾಗಲಿದ್ದ ಟೈಟಸ್ ಅಲ್ಲಿಗೆ ಹೋಗಿದ್ದನ್ನು ಹೇಳುವಾಗ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕಲ್ಲಿನ ಆಕಾರವನ್ನು ಬಣ್ಣಿಸಿ, ಅದು ಹಾಗೇಕಿದೆಯೋ ಸ್ಪಷ್ಟವಿಲ್ಲ ಎಂದು ಬಿಟ್ಟುಬಿಡುತ್ತಾನೆ. ಗುಡಿಯ ನೆಲೆಯಲ್ಲಿ ಸಿಕ್ಕ, ಮನುಷ್ಯರ ಎದೆಮಟ್ಟದ ಕಪ್ಪು ಶಂಕು ಇವತ್ತಿಗೂ ಅಲ್ಲಿನ ಕೂಕ್ಲಿಯದ ವಸ್ತುಸಂಗ್ರಹಾಲಯದಲ್ಲಿದೆ. ಅದು ಭೂಮಿಯದೇ ಕಲ್ಲು.

ಇಂಥ ಕಲ್ಲುಗಳಿಗೆ ವಿದ್ವಾಂಸರು ಬೈಟಿಲ್ ಎನ್ನುತ್ತಾರೆ. 'ಬೇತ್ ಎಲ್', ದೇವರ ಮನೆ ಎಂಬ ಸೆಮಿಟಿಕ್ ಮಾತಿನಿಂದ ಅದು ಬಂದಿರಬೇಕೆಂಬ ಅಭಿಪ್ರಾಯ ಬಲವಾಗಿದೆ. ಅಂದರೆ ಭಕ್ತರ ಮಟ್ಟಿಗೆ ಕಲ್ಲು ದೇವರ ಚಿತ್ರವಲ್ಲ, ದೇವರಿರುವ ಜಾಗ.

ನಾಣ್ಯದಲ್ಲಿ ಕಾಣುವ ಗುರುತುಗಳನ್ನು ಉಲ್ಕೆಯ ಕುಳಿಗಳೆಂದು ಎಣಿಸುವವರು ಅಚ್ಚಿನ ಕೆಲಸವನ್ನು ಮರೆಯುತ್ತಾರೆ. ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಿಸಿಕೊಳ್ಳಿ, ಮರದಲ್ಲಿ ಕೊರೆದ ಗುಳಿಯೇ ಸಕ್ಕರೆಯ ಗಿಳಿಯ ಹೊಟ್ಟೆ. ಠಂಕಸಾಲೆಯಲ್ಲೂ ಹಾಗೆಯೇ. ಲೋಹದ ಅಚ್ಚಿನಲ್ಲಿ ಎಲ್ಲವನ್ನೂ ತಿರುಗುಮುರುಗಾಗಿ ಒಳಕ್ಕೆ ಕೊರೆದು, ಕಾಸಿದ ಬಿಲ್ಲೆಯನ್ನು ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಬೈರಿಗೆಯ ಒಂದು ಚುಚ್ಚು ನಾಣ್ಯದ ಮೇಲೆ ಒಂದು ಚುಕ್ಕಿ. ಕುದುರೆಯ ಕಣ್ಣೂ ಚುಕ್ಕಿಯೇ, ಸತ್ತಿಗೆಯ ತುದಿಯೂ ಚುಕ್ಕಿಯೇ, ಕಲ್ಲಿನ ಮೇಲಿನ ಗುರುತೂ ಚುಕ್ಕಿಯೇ. ರೋಮಿನಲ್ಲಿ ಪ್ರತಿವರ್ಷ ಬೇಸಿಗೆಯ ನಡುವೆ ಕಲ್ಲಿನ ಮೆರವಣಿಗೆ ಹೊರಡುತ್ತಿದ್ದುದನ್ನು ಹೆರೋಡಿಯನ್ ಬರೆದಿದ್ದಾನೆ. ಚಕ್ರವರ್ತಿ ಲಗಾಮು ಹಿಡಿದು, ದೇವರಿಗೆ ಬೆನ್ನು ತೋರಿಸಬಾರದೆಂದು ಹಿಂದು ಹಿಂದಕ್ಕೆ ಓಡುತ್ತಿದ್ದನಂತೆ. ಎಡವದಿರಲೆಂದು ದಾರಿಗೆ ಚಿನ್ನದ ಪುಡಿ ಮಿಶ್ರಿತ ಮರಳು, ಇಕ್ಕೆಲದಲ್ಲೂ ಹಿಡಿದುಕೊಳ್ಳುವ ಅಂಗರಕ್ಷಕರು. ಆ ರಥಕ್ಕೆ ಕಟ್ಟಿದ್ದು ಆರು ಬಿಳಿ ಕುದುರೆ. ನಾಣ್ಯದಲ್ಲಿ ನಾಲ್ಕು. ಅದು ಬೇರೆ ಪಯಣದ ಚಿತ್ರವೂ ಇರಬಹುದು. ಆದರೆ ಠಂಕಸಾಲೆಯ ಕೈಗೆ ನಾಲ್ಕು ಕುದುರೆಯ ರಥ ತಲೆಮಾರುಗಳಿಂದ ಪಳಗಿತ್ತು, ಆರನ್ನು ಹಿಡಿಸಲು ಜಾಗವೂ ಇರಲಿಲ್ಲ. ಕುದುರೆಯ ಲೆಕ್ಕಕ್ಕೇ ಹೀಗಾದರೆ ಕಲ್ಲಿನ ಕುಳಿಗಳನ್ನು ನಂಬುವುದು ಹೇಗೆ?

ನಾಣ್ಯ ನಂಬುವಂತೆ ಹೇಳುವುದು ಹೆಸರು, ಊರು, ಕಾಲ. ಎಲಗಾಬಲಸ್ ಸತ್ತು ಮೂವತ್ತು ವರ್ಷವಾದ ಮೇಲೆ ಎಮೆಸದಲ್ಲಿ ಊರೇನಿಯಸ್ ಆಂಟೊನೈನಸ್ ಎಂಬವನು ತಾನೇ ಚಕ್ರವರ್ತಿಯೆಂದು ಸಾರಿಕೊಂಡ. ಅವನ ತಾಮ್ರದ ನಾಣ್ಯದ ಮೇಲೆ ಎಪ್ಸಿಲಾನ್, ಕ್ಸಿ, ಫಿ ಎಂಬ ಮೂರು ಗ್ರೀಕ್ ಅಕ್ಷರಗಳಿವೆ. ಕಟಪಯಾದಿ ಬಲ್ಲ ಸಂಗೀತಗಾರರು 'ಮಾಯಾ' ಎಂಬುದರಿಂದ 15ನೆಯ ಮೇಳವನ್ನು ತೆಗೆಯುವಂತೆ ಗ್ರೀಕರೂ ಅಕ್ಷರದಲ್ಲೇ ಅಂಕಿ ಓದುತ್ತಿದ್ದರು: 5, 60, 500, ಒಟ್ಟು 565. ಅದು ಕ್ರಿ.ಪೂ. 312ರಿಂದ ಎಣಿಸುವ ಸೆಲ್ಯೂಸಿಡ್ ಶಕೆ. ಲೆಕ್ಕ ಹಾಕಿದರೆ ಕ್ರಿ.ಶ. 253ರ ಶರತ್ಕಾಲದಿಂದ ಮುಂದಿನ ಶರತ್ಕಾಲದವರೆಗಿನ ಒಂದು ವರ್ಷ.

ಅವನ ನಾಣ್ಯಗಳಲ್ಲಿ ಕಲ್ಲು ಮತ್ತೆ ಎಮೆಸದ ತನ್ನ ಗುಡಿಯೊಳಗಿದೆ. ಅಕ್ಕಪಕ್ಕ ಎರಡು ಸತ್ತಿಗೆ. ಭಕ್ತರು ಅದಕ್ಕೆ ಬಟ್ಟೆ ಉಡಿಸಿ ಅಲಂಕರಿಸಿದ್ದಾರೆ, ಅಂಗುಲದಷ್ಟಿರುವ ಆ ಚಿತ್ರದಲ್ಲಿ ಬಟ್ಟೆಯ ಮಡಿಕೆಗಳು ಕಾಣುತ್ತವೆ, ಕಲ್ಲಿನ ಮೈ ಕಾಣುವುದಿಲ್ಲ. ಕಲ್ಲು ಕಳೆದುಹೋಗಿದೆ. ಎಮೆಸದ ಠಂಕಸಾಲೆ ಅದನ್ನು ಕೊರೆದದ್ದು ಅದೇ ಕೊನೆ.