ಬ್ರೇಕ್ ಬೀಳೂಕಿಂತ ಮೊದಲ ಗೊತ್ತಾಗಬೇಕು

ಪುಣೆದಿಂದ ಧಾರವಾಡಕ್ಕ ಹೊಂಟಾಗ ನಮ್ಮ ಅವ್ವಗ ಮುಂದಿನ ಸೀಟ ಬೇಕು, ಇಲ್ಲಂದ್ರ ಖಂಬಾಟ್ಕಿ ಘಾಟಿನಾಗ ಲಿಂಬಿಹಣ್ಣು ಮೂಸ್ಕೋತ ಕೂಡೂದ ಗತಿ. ಅದ ಘಾಟಿನಾಗ ಸ್ಟೇರಿಂಗ್ ನನ್ನ ಕೈಯಾಗ ಇದ್ರ ನನಗ ಏನೂ ಆಗೂದಿಲ್ಲ, ಯಾಕಂದ್ರ ತಿರುವು ಬರೂಕಿಂತ ಮೊದಲ ನನ್ನ ಮೈಗೆ ಅದು ಗೊತ್ತಿರ್ತದ. ಹಿಂದ ಕೂತು ಫೋನ್ ನೋಡಾವ್ರಿಗೆ ಕಣ್ಣು "ಎಲ್ಲಾ ಸುಮ್ಮನ ನಿಂತದ" ಅಂತದ, ಒಳಗಿವಿ "ಇಲ್ಲಪಾ, ವಾಲಾಕತ್ತದ" ಅಂತದ, ಈ ಜಗಳದಾಗ ಹೊಟ್ಟಿ ತೊಳಸ್ತದ.

ಸೆಲ್ಫ್ ಡ್ರೈವಿಂಗ್ ಕಾರಿನಾಗ ಎಲ್ಲಾರೂ ಹಿಂದಿನ ಸೀಟಿನವ್ರ ಆಗ್ತಾರ, ಅಷ್ಟ.

ನಾನು ಪುಣೆ ಹತ್ರದ ಚಾಕಣ ಕಡೆ ಕಾರಿನ ಇಂಟೀರಿಯರ್ ಡಿಸೈನ್ ಮಾಡಾಂವ. ಮದುವಿ ಮುಂಜಿವಿಗೆ ಹೋದ್ರ ಎಲ್ಲಾರೂ ಕೇಳೂದು ಒಂದ, ಸೀಟು ತಿರುಗಿಸಿ ಎದುರಾಬದುರಾ ಕೂತು ಇಸ್ಪೀಟ್ ಆಡಬಹುದಲ್ರಿ? ಆಡಬಹುದು. ಲಾಸ್ ವೇಗಸ್‌ನಾಗ ಓಡೂ ಝೂಕ್ಸ್ ಗಾಡಿ ಹಂಗ ಅದ, ಸ್ಟೇರಿಂಗ್ ಇಲ್ಲ, ಇಬ್ಬಿಬ್ಬರು ಎದುರಾಬದುರಾ. ಅದು ಸಪಾಟ ರಸ್ತೆದ ಊರು. ಅದ ಸೀಟು ಘಾಟಿಗೆ ತಂದ್ರ ಬೆನ್ನು ಮುಂದ ಮಾಡಿ ಕೂತಾಂವಗ ಮುಂದಿನ ರಸ್ತೆ ಕಾಣೂದಿಲ್ಲ, ಆಮೇಲ ಇಸ್ಪೀಟ್ ಬದ್ಲಿ ಪ್ಲಾಸ್ಟಿಕ್ ಚೀಲಾ ಬೇಕಾಗ್ತದ. ಹಾಸಿಗಿ ಹಂಗ ಮಲಗೂ ಸೀಟಂತೂ ಬ್ಯಾರೆ ತಲಿಬ್ಯಾನಿ, ಡಿಕ್ಕಿ ಆದಾಗ ಮೈ ಬೆಲ್ಟಿನ ಕೆಳಗ ಜಾರಿ ಟೊಂಕದ ಪಟ್ಟಿ ಹೊಟ್ಟಿಗೆ ಒತ್ತತದ.

ಆದ್ರ ನಾ ಹೇಳಬೇಕಂದಿದ್ದು ಇದು: ಮೆತ್ತನ್ನ ಲೆದರ್‌ಗಿಂತ ಮುಂದ ಏನಾಗ್ತದ ಅನ್ನೂದು ಗೊತ್ತಾಗೂದ ದೊಡ್ಡ ಆರಾಮ. ಪುಣೆ ರಿಕ್ಷಾದಾಗ ಕೂತು ನೋಡ್ರಿ, ರಿಕ್ಷಾದಾಂವ ಕನ್ನಡಿ ನೋಡ್ತಾನ, ಭುಜಾ ವಾಲಸ್ತಾನ, ಕಾಲು ಹೊರಗ ಚಾಚತಾನ, ಎರಡು ನಿಮಿಷದಾಗ ನಮಗ ಅವನ ಭಾಷೆ ತಿಳೀತದ, ನಾವೂ ಹಿಡಿಕಿ ಗಟ್ಟಿ ಹಿಡೀತೀವಿ. ಡ್ರೈವರ್ ಇಲ್ಲಂದ್ರ ಆ ಬೆನ್ನೂ ಇಲ್ಲ, ಆ ಕಾಲೂ ಇಲ್ಲ. ಆ ಸುದ್ದಿ ಗಾಡಿನ ಕೊಡಬೇಕು.

ನಮ್ಮ ಮೊದಲನೇ ಪ್ರಯತ್ನ ಪೂರಾ ಎಡವಟ್ಟು. ಕಟ್ಟಿಗಿ ಮಾಡೆಲ್‌ನಾಗ ಮಂದೀನ ಕೂಡಿಸಿ ಪುಣೆದ ನವಲೆ ಬ್ರಿಜ್ ಟ್ರಾಫಿಕ್ ವಿಡಿಯೋ ಹಾಕಿ, ದೊಡ್ಡ ಸ್ಕ್ರೀನಿನ ಮ್ಯಾಲೆ ಗಾಡಿಗೆ ಕಾಣೂದೆಲ್ಲಾ ತೋರಿಸಿದ್ವಿ, ಪ್ರತಿ ಸ್ಕೂಟರ್‌ಗೂ ಒಂದು ನೀಲಿ ಡಬ್ಬಿ. ವಯಸ್ಸಾದ ಕಾಕಾ ಒಬ್ರು ಹತ್ತು ನಿಮಿಷಕ್ಕ "ಇಷ್ಟು ಗಾಡಿ ಮೈಮ್ಯಾಲೆ ಬರಾಕತ್ತಾವಲ್ರೋ, ಇಳಸ್ರೋ ನನ್ನ" ಅಂದ್ರು. ಈಗ ನಮ್ಮ ಗಾಡಿ ಯಾವುದರ ಸಲುವಾಗಿ ನಿಲ್ತದೋ ತಿರುಗ್ತದೋ ಅದನ್ನಷ್ಟ ತೋರಸ್ತೀವಿ, ಅದೂ ಕಿಟಕಿ ಎತ್ತರಕ್ಕ, ತೊಡಿ ಮ್ಯಾಲಲ್ಲ. ಅಮೆರಿಕಾದಾಗ ಡ್ರೈವರ್ ಇಲ್ದ ಓಡೂ ವೇಮೋ ಟ್ಯಾಕ್ಸಿಯೊಳಗೂ ಗಾಡಿ ಯಾಕ ನಿಂತದ ಅಂತ ಸ್ಕ್ರೀನ್ ಹೇಳ್ತದ, ಸುಮ್ಮಸುಮ್ಮನ ನಿಂತ್ರ ಎದಿ ಧಸಕ್ ಅಂತದಲ್ಲ.

ಬೀಪ್ ಸೌಂಡೂ ಹಾಕಿ ನೋಡಿದ್ವಿ, ಎಲ್ಲಾರೂ ಬೆಲ್ಟ್ ಮುಟ್ಟಿ ನೋಡ್ಕೊಂಡ್ರು. ಆಮೇಲ ತಿರುವಿಗೆ ಒಂದೆರಡು ಸೆಕೆಂಡ್ ಮೊದಲ ಸೀಟಿನ ಆ ಬದಿ ಸಣ್ಣಗ ಒತ್ತೂಹಂಗ ಮಾಡಿದ್ವಿ, ಅದು ಮಂದಿಗೆ ಹಿಡಿಸ್ತು. 2024ರಾಗ ಐಫೋನಿನಾಗ ಬಂದ, ಗಾಡಿ ವಾಲಿದಂಗ ಸ್ಕ್ರೀನಿನ ಅಂಚಿನಾಗ ಓಡ್ಯಾಡೂ ಚುಕ್ಕಿ ಅದಾವಲ್ಲ, ಅವೂ ಇದ ಜಾತಿ ಉಪಾಯ, ಮೈಗೆ ಆಗೂದನ್ನ ಕಣ್ಣಿಗೂ ಹೇಳೂದು.

ಲೆವೆಲ್ 3 ಗಾಡಿ, ಅಂದ್ರ ಕೆಲವು ಕಡೆ ಅಷ್ಟ ತಾನ ಓಡೂ ಗಾಡಿ, ಮಾತ್ರ ಬ್ಯಾರೆ ಲೆಕ್ಕ. ಅಲ್ಲಿ ಗಾಡಿ ಕರದ್ರ ಮನಷ್ಯಾ ವಾಪಸ್ ಸ್ಟೇರಿಂಗ್ ಹಿಡೀಬೇಕು, ಯುರೋಪಿನ ನಿಯಮದಾಗ ಸಾಮಾನ್ಯವಾಗಿ ಅದಕ್ಕ 10 ಸೆಕೆಂಡ್. ಮಲಗಿದಾಂವ 10 ಸೆಕೆಂಡಿನಾಗ ಚಷ್ಮಾ ಸುದ್ಧಾ ಹುಡುಕೂದಿಲ್ಲ, ಅದಕ್ಕ ಅಂಥಾ ಗಾಡಿಗೆ ಒರಗೂ ಸೀಟು ಕೊಡೂದು ನನಗಂತೂ ಒಪ್ಪೂದಿಲ್ಲ.

ಒಂದ್ಸಲ ಅವ್ವನ್ನೂ ಮಾಡೆಲ್‌ನಾಗ ಕೂಡಿಸಿದ್ದೆ. ಎಲ್ಲಾ ನೋಡಿ ಕೇಳಿದ್ಲು, "ನಡುವ ಇಳೀಬೇಕಂದ್ರ ಯಾರಿಗೆ ಹೇಳೂದೋ?" ಗಾಡಿ ನಿಲ್ಲಸೂ ಬಟನ್ ಸ್ಕ್ರೀನಿನಾಗ ನಾಕು ಸಲ ಒತ್ತಿದ ಮ್ಯಾಲೆ ಸಿಗ್ತಿತ್ತು. ಈಗ ಬಾಗಲಾ ಹತ್ರ, ಕೈಗೆ ಸಿಗೂಹಂಗ, ಖರೇ ಖರೇ ಒತ್ತೂ ಬಟನ್ ಬಂದದ. ಅದರ ಮ್ಯಾಲೆ ಮರಾಠಿಯೊಳಗ ಥಾಂಬಾ (ನಿಲ್ರಿ) ಅಂತ ಬರೀಬೇಕೋ, ಬರೇ ಕೈ ಚಿತ್ರ ಸಾಕೋ ಅಂತ ಆಫೀಸಿನಾಗ ಇನ್ನೂ ಜಗಳ ನಡದದ.