ಪಲ್ಯವಿರಲಿ, ಖಾರದ ಕೇಕ್ ಇರಲಿ, ಮೊದಲು ನೀರು ನೋಡಿಕೊಳ್ಳಿ

ರಾಯಚೂರಿನ ನನ್ನ ಅಡುಗೆ ತರಗತಿಯಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರು ಒಂದಿದೆ. "ಅಕ್ಕಾರ, ಮ್ಯಾಲೆ ಚಲೋ ಕೆಂಪಗಾತು, ಒಳಗ ಮಾತ್ರ ಹಸಿ ಉಳೀತು." ಹಿರೇಕಾಯಿ ಹಾಕಿ ಖಾರದ ಕೇಕ್ ಮಾಡಿದವರು ಓವನ್ ಸರಿ ಇಲ್ಲ ಅಂದುಕೊಳ್ಳುತ್ತಾರೆ. ನಾನು ಕೇಳುವುದು ಬೇರೆ: ತುರಿದ ಕಾಯಿಯನ್ನು ಹಿಂಡಿದಿರಾ?

ಹಿರೇಕಾಯಿ, ಸೋರೆಕಾಯಿ, ಬದನೆಕಾಯಿಯ ತೂಕದಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಆ ನೀರು 100 ಡಿಗ್ರಿಗೆ ಕುದಿಯುತ್ತದೆ. ತರಕಾರಿ ಕೆಂಪಗಾಗಿ ಹುರಿದ ಘಮ ಬರಬೇಕಾದರೆ ಸುಮಾರು 140 ಡಿಗ್ರಿ ಬೇಕು. ಮೈ ಒದ್ದೆ ಇರುವ ತನಕ ಆ ಬಿಸಿ ತಾಗುವುದಿಲ್ಲ, ಕಾಯಿ ಸುಮ್ನೆ ಬೇಯುತ್ತದೆ.

ನಮ್ಮ ಎಣ್ಣೆಗಾಯಿಯನ್ನೇ ನೋಡಿ. ಮುಳುಗಾಯಿಯನ್ನು, ಅಂದರೆ ಬದನೆಕಾಯಿಯನ್ನು, ತೊಟ್ಟು ಬಿಟ್ಟು ನಾಲ್ಕು ಸೀಳು ಮಾಡಿ ಉಪ್ಪುನೀರಿಗೆ ಹಾಕುತ್ತೇವೆ. ತೆಗೆದ ಮೇಲೆ ಬಟ್ಟೆಯಿಂದ ಒರೆಸಿ, ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಖಾರಪುಡಿಯ ಮಸಾಲೆ ತುಂಬಿ. ಬಾಣಲೆಗೆ ಹಾಕಿದ ಕೂಡಲೇ ಎಣ್ಣೆಯೆಲ್ಲ ಮಾಯವಾಗುತ್ತದೆ. ಹೆದರಿ ಮತ್ತೆ ಎಣ್ಣೆ ಸುರಿಯಬೇಡಿ. ಬದನೆಯ ತಿರುಳಿನಲ್ಲಿ ಗಾಳಿ ತುಂಬಿರುತ್ತದೆ, ಅದು ಸ್ಪಂಜಿನ ಹಾಗೆ ಹೀರುತ್ತದೆ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬಿಡಿ. ತಿರುಳು ಮೆತ್ತಗಾಗಿ ಕುಸಿದಾಗ ಹೀರಿದ ಎಣ್ಣೆಯಲ್ಲಿ ಸ್ವಲ್ಪ ತಾನೇ ಹೊರಬರುತ್ತದೆ. ಸಿಪ್ಪೆ ಸುಕ್ಕಾದ ಮೇಲೆಯೇ ಉಳಿದ ಮಸಾಲೆ, ನೀರು. ಹುಣಸೆರಸ ಎಲ್ಲಕ್ಕಿಂತ ಕೊನೆಗೆ.

ಹುಳಿಯನ್ನು ಯಾಕೆ ಕೊನೆಗೆ ಹಾಕಬೇಕು? ಹುಳಿ ಬಿದ್ದರೆ ತರಕಾರಿ, ಬೇಳೆ ಬೇಗ ಮೆತ್ತಗಾಗುವುದಿಲ್ಲ. ಪುಂಡಿಪಲ್ಯ ಮಾಡುವವರಿಗೆ ಇದು ಗೊತ್ತು. ತೊಗರಿಬೇಳೆ, ಜೋಳದ ನುಚ್ಚು ಪೂರ್ತಿ ಬೆಂದ ಮೇಲೆ ಹುಳಿ ರುಚಿಯ ಪುಂಡಿಸೊಪ್ಪು ಸೇರಿಸಿದರೆ ಸರಿ. ಮೊದಲೇ ಒಟ್ಟಿಗೆ ಹಾಕಿದರೆ ಬೇಳೆ ಗಂಟೆಗಟ್ಟಲೆ ಕಾಳುಕಾಳಾಗಿ ನಿಂತುಬಿಡುತ್ತದೆ.

ಇನ್ನು ಖಾರದ ಕೇಕ್. ಇದಕ್ಕೆ ಮೈದಾ ಬೇಕೇಬೇಕು ಅಂತೇನಿಲ್ಲ, ನಮ್ಮ ಜೋಳವೇ ಸಾಕು. ಆದರೆ ಜೋಳದಲ್ಲಿ ಗೋಧಿಯ ಜಿಗುಟು ಇಲ್ಲ, ಹಾಗೇ ಕಲಸಿದರೆ ಕತ್ತರಿಸುವಾಗ ಪುಡಿಪುಡಿ. ಇದಕ್ಕೆ ಮದ್ದು ರೊಟ್ಟಿ ಬಡಿಯುವವರ ಕೈಯಲ್ಲೇ ಇದೆ: ಎಸರು. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಗಂಜಿ ಅಂಶ ಉಬ್ಬಿ ಅಂಟು ಬರುತ್ತದೆ. ಒಂದು ಬಟ್ಟಲು ಜೋಳದ ಹಿಟ್ಟಿನಲ್ಲಿ ಅರ್ಧ ಭಾಗ ತೆಗೆದುಕೊಂಡು, ಅದಕ್ಕೆ ಅರ್ಧ ಬಟ್ಟಲು ಎಸರು ಹಾಕಿ ಕಲಸಿ, ಆರಲು ಬಿಡಿ. ಆಮೇಲೆ ಉಳಿದ ಜೋಳದ ಹಿಟ್ಟು, ಅರ್ಧ ಬಟ್ಟಲು ಕಡಲೆಹಿಟ್ಟು, ಅರ್ಧ ಬಟ್ಟಲು ರವೆ, ಒಂದು ಬಟ್ಟಲು ಹುಳಿ ಮೊಸರು, ಮೂರು ದೊಡ್ಡ ಚಮಚ ಎಣ್ಣೆ, ಹಸಿಮೆಣಸಿನಕಾಯಿ, ಜೀರಿಗೆ, ಒಂದು ಹಿಡಿ ಮೆಂತ್ಯಸೊಪ್ಪು. ಒಂದು ಬಟ್ಟಲು ಹಿರೇಕಾಯಿ ತುರಿಗೆ ಉಪ್ಪು ಹಚ್ಚಿ ಹತ್ತು ನಿಮಿಷ ಬಿಟ್ಟು ಗಟ್ಟಿಯಾಗಿ ಹಿಂಡಿ ಸೇರಿಸಿ. ಹಿಂಡಿದ ರಸ ಚೆಲ್ಲಬೇಡಿ, ಹಿಟ್ಟು ಗಟ್ಟಿ ಅನ್ನಿಸಿದರೆ ಅದನ್ನೇ ಹಾಕಿ. ಆ ರಸದಲ್ಲೇ ಉಪ್ಪು ಇರುತ್ತದೆ, ಬೇರೆ ಉಪ್ಪು ಹಾಕುವ ಮುಂಚೆ ರುಚಿ ನೋಡಿ.

ಅಡುಗೆ ಸೋಡಾ ಅರ್ಧ ಚಹಾ ಚಮಚ ಮಾತ್ರ, ಅದೂ ಕೊನೆಗೆ. ಮೊಸರಿನ ಹುಳಿ ತಾಗಿದ ಕ್ಷಣದಿಂದ ಗಾಳಿಗುಳ್ಳೆ ಏಳಲು ಶುರು. ಅಷ್ಟರೊಳಗೆ ಓವನ್ 180 ಡಿಗ್ರಿಗೆ ಕಾದಿರಬೇಕು. ಮೇಲೆ ಎಳ್ಳು ಉದುರಿಸಿ 40 ನಿಮಿಷ ಇಡಿ, ಕಡ್ಡಿ ಚುಚ್ಚಿ ನೋಡಿ. ಓವನ್ ಇಲ್ಲದಿದ್ದರೆ ದಪ್ಪ ತಳದ ಪಾತ್ರೆ, ತಳಕ್ಕೆ ಉಪ್ಪಿನ ಹಾಸು, ಮೇಲೊಂದು ಸ್ಟ್ಯಾಂಡ್, ಬಿಗಿ ಮುಚ್ಚಳ. ಮೇಲ್ಭಾಗ ಅಷ್ಟು ಕೆಂಪಗಾಗುವುದಿಲ್ಲ, ರುಚಿಗೆ ಕೊರತೆ ಇಲ್ಲ.

ನಮ್ಮ ಬೇಸಿಗೆಯಲ್ಲಿ ಮೊಸರು ಮಧ್ಯಾಹ್ನದೊಳಗೆ ವಿಪರೀತ ಹುಳಿಯಾಗುತ್ತದೆ, ಅಡುಗೆಮನೆಯೂ ಕುಲುಮೆ. ಹಾಗಾಗಿ ಏಪ್ರಿಲ್, ಮೇನಲ್ಲಿ ಈ ಕೆಲಸ ಬೆಳಿಗ್ಗೆಯೇ ಮುಗಿಸಿ.

ಹೊರತೆಗೆದ ಮೇಲೆ 20 ನಿಮಿಷ ಕತ್ತರಿಸಬೇಡಿ. ಬಿಸಿಯಲ್ಲೇ ಚಾಕು ಹಾಕಿದರೆ ಒಳಭಾಗ ಇನ್ನೂ ಗಟ್ಟಿಯಾಗಿರದೆ ತುಂಡು ಅಂಟಂಟಾಗುತ್ತದೆ. ಮರುದಿನ ಉಳಿದದ್ದನ್ನು ಹಂಚಿನ ಮೇಲೆ ಎಣ್ಣೆ ಹಾಕಿ ಎರಡೂ ಬದಿ ಗರಿಗರಿ ಮಾಡಿ, ಶೇಂಗಾಪುಡಿ ಮೊಸರಿನ ಜೊತೆ ಕೊಡಿ. ಮಕ್ಕಳ ಡಬ್ಬಿಗೂ ಆಗುತ್ತದೆ.